ಮದ್ದು ಹಾಕಿದವರು

ನಮ್ಮ ಕನ್ನಡ ಸಂಘದ ಸ್ಮರಣ ಸಂಚಿಕೆಗೆ ರಾಯರ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆದುಕೊಡಬೇಕೆಂದು ಅಧ್ಯಕ್ಷರೇ ಖುದ್ದಾಗಿ ಫೋನು ಮಾಡಿದರು. ಮುಂಬಯಿಯ ಹೊರವಲಯದ ಡೊಂಬಿವಲಿಯಲ್ಲಿ ಹೋಟೆಲು ಮಾಲೀಕರಾದ ಅವರು ಸಾಮಾನ್ಯವಾಗಿ ಯಾರಿಗೂ ಖುದ್ದಾಗಿ ಫೋನು ಮಾಡುವವರಲ್ಲ.

"ನೀನು ಎಂ.ಎ. ಮಾಡಿದವಳು, ನಿನ್ನತ್ರ ಭಾಷೆ ಉಂಟು. ಚಂದ ಮಾಡಿ ಬರಿ ಮಗಾ. ಆದ್ರೆ ಆ ಕಾಯಿಲೆ ಗೀಯಿಲೆ ಎಲ್ಲ ಬೇಡ ಆಯ್ತಾ? ಹೋದವರ ಮರ್ಯಾದೆ ಅಂದ್ರೆ ನಮ್ಮದೇ ಮರ್ಯಾದೆ."

"ಯಾವ ಕಾಯಿಲೆ?" ಎಂದೆ.

"ಅದೇ... ಗಂಟಲಿಂದು."

ಅವರ ಸಂಕೋಚವನ್ನು ನಾನು ಗೌರವಿಸುತ್ತೇನೆ. ಒಬ್ಬ ಮನುಷ್ಯನನ್ನು ವರ್ಷಗಟ್ಟಲೆ ಎಲ್ಲರ ಕಣ್ಣೆದುರೇ ಕರಗಿಸಿದ ಪದಾರ್ಥವನ್ನು 'ಗಂಟಲಿಂದು' ಎಂಬ ಒಂದೇ ಪದದಲ್ಲಿ ಅಡಗಿಸಿಡುವುದು ಸಣ್ಣ ಪ್ರತಿಭೆಯ ಕೆಲಸವಲ್ಲ. ರಾಯರು ಬದುಕಿನ ಕೊನೆಯ ವರ್ಷಗಳಲ್ಲಿ ಸಂಘದಿಂದ ಕೇಳಿಕೊಂಡದ್ದು ಒಂದೇ ಒಂದು: ತಮಗೆ ಏನಾಗಿತ್ತು ಎಂಬುದನ್ನು, ತಾವು ಅಷ್ಟು ಕಾಲ ನಿರೂಪಣೆ ಮಾಡಿದ ಅದೇ ವೇದಿಕೆಯಿಂದ, ತಮ್ಮ ಬಾಯಿಂದಲೇ ಹೇಳುವ ಅವಕಾಶ. ಅದನ್ನು ಕೊಡದವರು ಈಗ ಸಂಚಿಕೆಯಲ್ಲಿ ಪುಟ ಕೊಡುತ್ತಿದ್ದಾರೆ. ಆ ಔದಾರ್ಯವನ್ನು ತಿರಸ್ಕರಿಸಿ ಇದನ್ನು ಬೇರೆಡೆ ಬರೆಯುತ್ತಿದ್ದೇನೆ.

ರಾಯರು ನಮ್ಮ ಕಟ್ಟಡದಲ್ಲೇ, ನಮಗಿಂತ ಒಂದು ಮಹಡಿ ಮೇಲೆ ಇದ್ದರು. ಉಡುಪಿಯ ಕಡೆಯವರು, ಮಕ್ಕಳಿರಲಿಲ್ಲ. ವಾರವಿಡೀ ರಬಾಳೆಯ ಒಂದು ಕಂಪನಿಯಲ್ಲಿ ಗುಮಾಸ್ತರು, ಭಾನುವಾರ ಸಂಘದ ಕಾರ್ಯಕ್ರಮಗಳ ನಿರೂಪಕರು. ಕಚೇರಿಯಲ್ಲಿ ಅವರು ಹಿಂದಿಯಲ್ಲಿ ಬೈಸಿಕೊಳ್ಳುತ್ತಿದ್ದರು, ಲೋಕಲ್ ರೈಲಿನಲ್ಲಿ ಮರಾಠಿಯಲ್ಲಿ ಜಗಳವಾಡುತ್ತಿದ್ದರು, ಮನೆಯಲ್ಲಿ ತುಳುವಿನಲ್ಲಿ ಸುಮ್ಮನಿರುತ್ತಿದ್ದರು. ಕನ್ನಡ ಮಾತ್ರ ವೇದಿಕೆಗೆ ಮೀಸಲು. ಆ ಕನ್ನಡವನ್ನು ಕೇಳಲೆಂದೇ, ಒಂದಕ್ಷರವೂ ಅರ್ಥವಾಗದ ನಮ್ಮ ಕಟ್ಟಡದ ಕಾವಲುಗಾರ ಸಭಾಂಗಣದ ಬಾಗಿಲಿನಲ್ಲಿ ನಿಂತಿರುತ್ತಿದ್ದ.

ಕಟ್ಟಡದ ಮಕ್ಕಳು 'ಅಂಕಲ್' ಎಂದರೆ ಅವರಿಗೆ ಕಿವಿಯೇ ಕೇಳಿಸುತ್ತಿರಲಿಲ್ಲ. 'ಮಾವ' ಎನ್ನಬೇಕು, ಅವರ ಹೆಂಡತಿಯನ್ನು 'ಅತ್ತೆ' ಎನ್ನಬೇಕು. ನನ್ನ ತಮ್ಮ ಒಮ್ಮೆ ಮೆಟ್ಟಿಲಲ್ಲಿ ಅವರನ್ನು ತಡೆದು, "ಮಾವ, ಟೈಮ್ ಕ್ಯಾ ಹುವಾ?" ಎಂದಿದ್ದ.

"ಪರವಾಗಿಲ್ಲ, ಒಂದು ಶಬ್ದ ಬಂತಲ್ಲ. ಉಳಿದದ್ದು ನಿನ್ನ ಮದುವೆಯೊಳಗೆ ಬಂದ್ರೆ ಸಾಕು" ಎಂದು ಅವರು ಗಡಿಯಾರ ತೋರಿಸಿದ್ದರು.

ನಾನು ಶಾಲೆಯಲ್ಲಿದ್ದಾಗ ನನಗೆ ನಿರೂಪಣೆ ಕಲಿಸಿದವರು ಅವರೇ. ಅವರ ವಿದ್ಯೆಯ ತಿರುಳು ಉಚ್ಚಾರಣೆಯಲ್ಲಿರಲಿಲ್ಲ, ಪೀಠೋಪಕರಣದಲ್ಲಿತ್ತು. "ಕುರ್ಚಿ ನೋಡಿ ವಿಶೇಷಣ ಹಾಕ್ಬೇಕು. ಪ್ಲಾಸ್ಟಿಕ್ ಕುರ್ಚಿಗೆ 'ಶ್ರೀಯುತ' ಧಾರಾಳ ಆಯ್ತು. ಕುಶನ್ ಇದ್ರೆ 'ಸಮಾಜಸೇವಕ'. ನಡುವಿನ ಸಿಂಹಾಸನ ಉಂಟಲ್ಲ, ಅಲ್ಲಿ 'ಕೊಡುಗೈ ದಾನಿ'ಯಿಂದ ಕೆಳಗೆ ಇಳಿದ್ಯೋ, ಮುಂದಿನ ವರ್ಷ ನಮಗೆ ಸಭಾಂಗಣವೂ ಇಲ್ಲ, ಊಟವೂ ಇಲ್ಲ." ಇದನ್ನೆಲ್ಲ ಗಂಭೀರವಾಗಿ ಹೇಳಿ, ಕೊನೆಗೆ ತಮ್ಮ ಕತ್ತನ್ನು ಸವರಿಕೊಂಡು ನಗುತ್ತಿದ್ದರು: "ಹೊಟ್ಟೆ ಒಂದು ನನ್ನದು. ಗಂಟಲು ಸಂಘದ್ದು."

ಸಂಘ ಆ ಮಾತನ್ನು ಅಕ್ಷರಶಃ ನಂಬಿತು.

ಡೊಂಬಿವಲಿಯಲ್ಲಿ ಕೆಮ್ಮು ಬರಲು ವಿಶೇಷ ಪ್ರಯತ್ನವೇನೂ ಬೇಕಿಲ್ಲ. ಗಾಳಿ ತಿರುಗಿದ ಸಂಜೆ ಕೆಮಿಕಲ್ ಕಾರ್ಖಾನೆಗಳ ವಾಸನೆ ಅಡುಗೆಮನೆಯವರೆಗೆ ಬಂದು ಒಗ್ಗರಣೆಯನ್ನೂ ಸೋಲಿಸುತ್ತದೆ. ಎರಡು ಸಾವಿರನೇ ಇಸವಿಯ ಆಚೀಚೆಯ ಒಂದು ರಾಜ್ಯೋತ್ಸವದ ದಿನ ರಾಯರಿಗೆ ಕೆಮ್ಮು ನಿಲ್ಲದೆ, ಧ್ವನಿ ಹೂತುಹೋಯಿತು. ಮೆಡಿಕಲ್ ಅಂಗಡಿಯ ಮಾಲೀಕರಾಗಿದ್ದ ಸಂಘದ ಉಪಾಧ್ಯಕ್ಷರು ಕೂಡಲೇ ಅಂಗಡಿಯಿಂದ ಒಂದು ಬಾಟಲಿ ತರಿಸಿದರು. "ಎರಡು ಮುಚ್ಚಳ ಹಾಕಿ ರಾಯರೇ, ಗಂಟಲು ಬೆಣ್ಣೆ ಆಗ್ತದೆ."

ಬೆಣ್ಣೆಯೇ ಆಯಿತು. ಆ ಸಿರಪ್ಪಿನಲ್ಲಿ ಕೊಡೀನ್ ಇತ್ತು. ಅಫೀಮಿನ ಮನೆತನದ ಪದಾರ್ಥ. ಕೆಮ್ಮನ್ನು ಅದು ಮಲಗಿಸುತ್ತದೆ. ಜೊತೆಗೆ ರಬಾಳೆಯ ಬೈಗುಳ, ಲೋಕಲ್‌ನ ನೂಕುನುಗ್ಗಲು, ಮಕ್ಕಳಿಲ್ಲದ ಮನೆಯ ಸಂಜೆ, ಎಲ್ಲದರ ಮೇಲೂ ಮೆತ್ತಗೆ ಕೈಯಾಡಿಸುತ್ತದೆ. ಕೆಲವು ಕಾಲವಾದ ಮೇಲೆ ಆ ಕೈಯಿಲ್ಲದೆ ದೇಹ ನಡೆಯುವುದೇ ಇಲ್ಲ. ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ಬಾಟಲಿಯ ಮೇಲೆಯೇ ಅಚ್ಚಾಗಿತ್ತು. ಆದರೆ ನಮ್ಮ ಉಪಾಧ್ಯಕ್ಷರು ಅಪ್ಪಟ ಕನ್ನಡಾಭಿಮಾನಿಗಳು. ಇಂಗ್ಲಿಷಿನಲ್ಲಿ ಅಚ್ಚಾದದ್ದನ್ನು ಅವರು ಓದುತ್ತಿರಲಿಲ್ಲ.

ಅಂದಿನಿಂದ ಗ್ರೀನ್ ರೂಮಿನ ತಟ್ಟೆಯಲ್ಲಿ ಚಹಾ, ಬಿಸ್ಕತ್ತುಗಳ ಪಕ್ಕ ಬಾಟಲಿಯೂ ಬಂದು ಕೂತಿತು. ಸಮಿತಿಯವರು "ಮೈಕಿನವ ಬಂದನಾ? ಹೂವು ಬಂತಾ? ರಾಯರ ಮದ್ದು ಬಂತಾ?" ಎಂದು ಒಂದೇ ಉಸಿರಿನಲ್ಲಿ ವಿಚಾರಿಸುತ್ತಿದ್ದರು. ಕೆಲವೇ ವರ್ಷಗಳಲ್ಲಿ ರಾಯರ ಮಾತು ನಿಧಾನವಾಯಿತು. ಪದಗಳ ನಡುವೆ ಜೇನಿನಂಥ ಎಳೆ ಬಂತು. ಅವರು ಮೂಗಿನ ತುದಿ ತುರಿಸಿಕೊಳ್ಳುತ್ತ, ಅರೆಗಣ್ಣಿನಲ್ಲಿ ನಿಂತು ಮಾತನಾಡಿದರೆ ಸಭಿಕರು, "ಈಗ ರಾಯರ ನಿರೂಪಣೆಗೆ ಎಂಥ ಗಾಂಭೀರ್ಯ ಬಂತು ಮಾರಾಯ್ರೇ" ಎಂದು ತಲೆದೂಗುತ್ತಿದ್ದರು. ಅಮಲನ್ನು ಗಾಂಭೀರ್ಯವೆಂದು ಗುರುತಿಸಬಲ್ಲ ರಸಿಕರು ಎಲ್ಲ ಊರಿಗೂ ಸಿಗುವುದಿಲ್ಲ.

ವಾರದ ದಿನಗಳಿಗೆ ಬೇರೆ ವ್ಯವಸ್ಥೆಯಿತ್ತು. ಸ್ಟೇಷನ್ನಿನಿಂದ ಮನೆಗೆ ಬರುವ ದಾರಿಯಲ್ಲಿ ಉಪಾಧ್ಯಕ್ಷರ ಅಂಗಡಿ. ರಾಯರು ಎದುರು ನಿಂತು ಎರಡು ಬೆರಳನ್ನು ಗಂಟಲಿಗೆ ಮುಟ್ಟಿಸಿದರೆ ಸಾಕು, ಹಳೆಯ ಪತ್ರಿಕೆಯಲ್ಲಿ ಸುತ್ತಿದ ಪೊಟ್ಟಣ ಕೈಗೆ ಬರುತ್ತಿತ್ತು. ನಮ್ಮ ಮೆಡಿಕಲ್ ಅಂಗಡಿಗಳಲ್ಲಿ ಪತ್ರಿಕೆಯಲ್ಲಿ ಸುತ್ತಿ ಕೊಡುವ ಪದ್ಧತಿಯಿದ್ದದ್ದು ಹೆಂಗಸರ ತಿಂಗಳ ಪ್ಯಾಡುಗಳಿಗೆ ಮತ್ತು ರಾಯರ ಬಾಟಲಿಗೆ. ನಾಚಿಕೆ ಯಾವುದಕ್ಕೆ ಬೇಕಿಲ್ಲ, ಯಾವುದಕ್ಕೆ ಬೇಕು ಎಂಬ ವಿವೇಕ ಆ ಪತ್ರಿಕೆಗಿರಲಿಲ್ಲ.

ಅತ್ತೆ ಒಮ್ಮೆ ತಾವೇ ಆ ಅಂಗಡಿಗೆ ಹೋಗಿ, "ಇನ್ನು ಅವರಿಗೆ ಅದು ಕೊಡ್ಬೇಡಿ" ಎಂದು ಕೇಳಿಕೊಂಡರು. ಉಪಾಧ್ಯಕ್ಷರಿಗೆ ನಗು ಬಂತಂತೆ.

"ಎಂತ ಅಕ್ಕ ನೀವು! ಮದ್ದಲ್ವಾ ಅದು? ನಾನೇನು ಶರಾಬು ಮಾರ್ತೇನಾ?"

ಸಂಘವು ಒಮ್ಮೆ ವ್ಯಸನಮುಕ್ತಿ ದಿನವನ್ನೂ ಆಚರಿಸಿತು. ಯುವ ಘಟಕದವರು ಕುಡುಕನ ವೇಷ ಹಾಕಿ ತೂರಾಡಿದರು. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಭಿತ್ತಿಚಿತ್ರದಲ್ಲಿ ಗಾಜಿನ ಲೋಟ, ಬೀಡಿ, ಸೂಜಿ, ಒಂದು ತಲೆಬುರುಡೆ ಇದ್ದವು. ಪ್ರಾಯೋಜಕರು ಉಪಾಧ್ಯಕ್ಷರು. ಪ್ರತಿಜ್ಞೆ ಬೋಧಿಸಿದವರು ರಾಯರು: "ಮದ್ಯ, ತಂಬಾಕು, ಗಾಂಜಾ ಇತ್ಯಾದಿ ಮಾದಕ ವಸ್ತುಗಳನ್ನು..." ಸಭೆಯೆಲ್ಲ ಕೈ ಮುಂದೆ ಚಾಚಿ ಅವರ ಹಿಂದೆ ಹೇಳಿತು. 'ಇತ್ಯಾದಿ'ಯ ಹತ್ತಿರ ಅವರ ಧ್ವನಿ ಒಂದು ಕ್ಷಣ ತಡವರಿಸಿದ್ದು ನನಗೆ ಕೇಳಿಸಿತ್ತು. ಮನೆಗೆ ನಡೆದು ಬರುವಾಗ ಅವರಾಗಿಯೇ ಹೇಳಿದರು:

"ಗೊತ್ತಾಯ್ತಾ ನಿಂಗೆ? ನಾನು ಇರುದು ಆ ಇತ್ಯಾದಿಯೊಳಗೆ."

ಆಗ ನಾನು ಕಾಲೇಜಿನಲ್ಲಿದ್ದೆ. ಅವರು ಆ ಮಾತನ್ನು ನನ್ನಂಥ ಹುಡುಗಿಗೆ ಹೇಳಬೇಕಾಗಿ ಬಂತು, ಏಕೆಂದರೆ ಹೇಳಿಕೊಳ್ಳಬಹುದಾದ ದೊಡ್ಡವರೆಲ್ಲ ಪ್ರತಿಜ್ಞೆ ಮುಗಿಸಿ ಊಟದ ಸಾಲಿನಲ್ಲಿದ್ದರು. ಹತ್ತಿರದ ಠಾಣೆ ನಗರದ ಒಂದು ಆಸ್ಪತ್ರೆಯಲ್ಲಿ ಚಟ ಬಿಡಿಸುವ ವಿಭಾಗವಿದೆಯೆಂದು ವಿಚಾರಿಸಿ ಅತ್ತೆಗೆ ತಿಳಿಸಿದೆ. ಅತ್ತೆ ಗಂಡನನ್ನು ಒಪ್ಪಿಸಿಯೂ ಇದ್ದರು. ಆದರೆ ನಮ್ಮವರಲ್ಲಿ ಒಬ್ಬರ ಮನೆಯ ನಿರ್ಧಾರ ಆ ಮನೆಯಲ್ಲೇ ಮುಗಿಯುವಷ್ಟು ಅನಾಗರಿಕತೆ ಇನ್ನೂ ಬಂದಿರಲಿಲ್ಲ. ಸುದ್ದಿ ತಿಳಿದ ಅಧ್ಯಕ್ಷರು, ಉಪಾಧ್ಯಕ್ಷರು ರಾಯರ ಮನೆಗೆ ಬಂದು ಕುಳಿತರು. ರಾಯರು ಅಷ್ಟರಲ್ಲಿ ಅಂಗಿಯೊಳಗೆ ಹುಡುಕಬೇಕಾದಷ್ಟು ತೆಳ್ಳಗಾಗಿದ್ದರು.

"ಅಲ್ಲಿಗೆ ಹೋಗುದು ಕುಡುಕರು, ನಶೆಯ ಪುಡಿ ಸೇದುವ ಗರ್ದುಲ್ಲೆಗಳು" ಎಂದರು ಅಧ್ಯಕ್ಷರು. "ರಾಯರು ಏಕಾದಶಿಗೆ ನೀರುಳ್ಳಿ ಸಹ ಮುಟ್ಟುವವರಲ್ಲ. ಎಂತಕ್ಕೆ ಅಕ್ಕ ಅವರ ಮಾನ ತೆಗೀತೀರಿ?"

"ಮತ್ತೆ ಈ ಸೊರಗುದು ಯಾಕೆ?" ಎಂದರು ಅತ್ತೆ.

ಅಧ್ಯಕ್ಷರು ಧ್ವನಿ ತಗ್ಗಿಸಿದರು. "ನಂಗೆ ಮೊದಲೇ ಡೌಟಿತ್ತು. ಯಾರೋ ಮದ್ದು ಹಾಕಿದ್ದು ಇದು."

ಘಟ್ಟದ ಮೇಲಿನವರಿಗಾಗಿ ಒಂದು ಮಾತು. ನಮ್ಮ ಕರಾವಳಿಯಲ್ಲಿ ಮದ್ದು ಎಂದರೆ ಔಷಧಿ. ಯಾರಾದರೂ ಹೊಟ್ಟೆಕಿಚ್ಚಿನಿಂದ ಊಟದಲ್ಲಿ ಬೆರೆಸಿ ಕೊಟ್ಟು, ತಿಂದವನು ಕಾರಣವಿಲ್ಲದೆ ಸೊರಗುವಂತೆ ಮಾಡುವ ಮಾಟದ ಪದಾರ್ಥಕ್ಕೂ ಅದೇ ಹೆಸರು. ಹೀಗೆ ಹಾಕಿದ ಮದ್ದನ್ನು ಸೊಪ್ಪಿನ ರಸ ಕುಡಿಸಿ ವಾಂತಿ ಮಾಡಿಸಿ ತೆಗೆಯುವವರಿದ್ದಾರೆ. ಸಮುದ್ರ, ಸೇತುವೆ, ಸುರಂಗ ಎಲ್ಲ ದಾಟಿ ಈ ನಂಬಿಕೆ ನಮ್ಮ ಜೊತೆ ಟಿಕೆಟಿಲ್ಲದೆ ಬಂದು ಮಹಾರಾಷ್ಟ್ರದಲ್ಲಿ ಇಳಿದಿದೆ. ಸಂಶಯ ಹೋದದ್ದು ಪಕ್ಕದೂರು ಕಲ್ಯಾಣದ ಇನ್ನೊಂದು ಸಂಘದ ನಿರೂಪಕರ ಮೇಲೆ. ಅವರು ಹಿಂದೊಮ್ಮೆ ರಾಯರಿಗೆ ಒತ್ತಾಯ ಮಾಡಿ ಹೋಳಿಗೆ ಬಡಿಸಿದ್ದರಂತೆ. ರಾಯರಿಗೆ ಪ್ರತಿ ಸಂಜೆ ಮದ್ದು ಕೊಡುತ್ತಿದ್ದವರು ಎದುರಿನ ಸೋಫಾದಲ್ಲೇ ಕುಳಿತು, "ಹೌದೌದು, ಹೋಳಿಗೆಯಲ್ಲಿ ಗೊತ್ತಾಗುದಿಲ್ಲ" ಎಂದು ತಲೆಯಾಡಿಸಿದರು.

ಆಸ್ಪತ್ರೆ ತಪ್ಪಿತು. ಮದ್ದು ತೆಗೆಯುವವರೊಬ್ಬರು ಕಲ್ಯಾಣದಲ್ಲೇ ಇದ್ದರು. ಅಧ್ಯಕ್ಷರ ಕಾರಿನಲ್ಲಿ ರಾಯರು ಅಲ್ಲಿಗೆ ಹೋದರು. ಹಸಿರು ರಸ ಒಳಗೆ ಹೋಯಿತು, ಹೊರಗೆ ಬಂತು. ಬಂದದ್ದರಲ್ಲಿ ಕೂದಲಿನಂಥದ್ದೇನೋ ಇತ್ತೆಂದು ತೋರಿಸಲಾಯಿತು. ಆಮೇಲೆ ಅಲ್ಲಿಯೇ ಕಟ್ಟುನಿಟ್ಟಿನ ಪಥ್ಯ: ಗಂಜಿಯೊಂದನ್ನು ಬಿಟ್ಟು ಬೇರೇನೂ ಇಲ್ಲ, ಸಿರಪ್ಪೂ ಇಲ್ಲ. ರಾಯರಿಗೆ ಬೆವರು ಕಿತ್ತುಬಂತು. ಕಣ್ಣು, ಮೂಗು ಸುರಿದವು. ಮೈಯೆಲ್ಲ ನವಿರೆದ್ದು, ಮೂಳೆಗಳನ್ನು ಯಾರೋ ತಿರುಚುತ್ತಿದ್ದಾರೆಂದು ಅವರು ಚಾಪೆಯ ಮೇಲೆ ಹೊರಳಿದರು, ಭೇದಿ ನಿಲ್ಲಲಿಲ್ಲ. ಅಫೀಮಿಗೆ ಒಗ್ಗಿದ ದೇಹದಿಂದ ಅದನ್ನು ಒಮ್ಮೆಲೇ ಕಿತ್ತುಕೊಂಡರೆ ಆಗುವುದು ಇದೇ ಎಂದು ಯಾವ ವೈದ್ಯಕೀಯ ವಿದ್ಯಾರ್ಥಿಯಾದರೂ ಹೇಳಿಯಾನು. ಅಲ್ಲಿದ್ದವರು ಹೇಳಿದ್ದು, "ನೋಡಿ ನೋಡಿ, ಮದ್ದು ಹೇಗೆ ಬಿಟ್ಟು ಹೋಗ್ತಾ ಉಂಟು!"

ಒಂದು ಅರ್ಥದಲ್ಲಿ ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಅಷ್ಟು ಕರಾರುವಾಕ್ಕಾದ ತಪ್ಪನ್ನು ನಾನು ಬೇರೆಲ್ಲೂ ಕಂಡಿಲ್ಲ.

ಪಥ್ಯ ಮುಗಿದದ್ದು ರಾಜ್ಯೋತ್ಸವದ ಭಾನುವಾರ. ರಾಯರನ್ನು ನೇರವಾಗಿ ಸಭಾಂಗಣಕ್ಕೆ ಕರೆತಂದರು. ಗುಣವಾದದ್ದಕ್ಕೆ ಅದಕ್ಕಿಂತ ದೊಡ್ಡ ಪ್ರಮಾಣ ಯಾವುದಿದೆ? ಮೆಟ್ಟಿಲು ಹತ್ತುವಾಗ ಕೆಮ್ಮು ಬಂತು. ಗ್ರೀನ್ ರೂಮಿನ ತಟ್ಟೆ ಎಂದಿನಂತೆ ಸಿದ್ಧವಿತ್ತು. "ಗಂಟಲಿಗೆ ಸ್ವಲ್ಪ ತಗೊಳ್ಳಿ" ಎಂದರು ಉಪಾಧ್ಯಕ್ಷರು. ರಾಯರು ತಮ್ಮ ಹಳೆಯ ಅಳತೆಯಲ್ಲೇ ಕುಡಿದರು. ಸ್ವಲ್ಪ ಹೊತ್ತಿಗೆ ಮುಖಕ್ಕೆ ಶಾಂತಿ ಬಂತು. ಅಧ್ಯಕ್ಷರು ಅತ್ತೆಯನ್ನು ಕರೆದು, "ಈಗ ನೋಡಿ, ಎಂಥ ಕಳೆ!" ಎಂದರು.

ಆ ದಿನ ಉಪಾಧ್ಯಕ್ಷರಿಗೆ 'ಸಮಾಜರತ್ನ' ಪ್ರಶಸ್ತಿ. ರಾಯರು ಮೈಕಿನ ಮುಂದೆ ನಿಂತು, "ರೋಗಿಗಳ ಪಾಲಿನ ಆಪದ್ಬಾಂಧವರೂ, ಕನ್ನಡಿಗರ ಆರೋಗ್ಯದ..." ಎಂದು ನಿಲ್ಲಿಸಿದರು. ಮುಂದಿನ ಪದ ಬರಲಿಲ್ಲ. ಸ್ಟ್ಯಾಂಡನ್ನು ಹಿಡಿದುಕೊಂಡು, ನೆಲಕ್ಕೆ ನೋವಾಗಬಾರದೆಂಬ ಕಾಳಜಿಯಿಂದೆಂಬಂತೆ ಮೆಲ್ಲನೆ ಕುಸಿದರು. ವಾಕ್ಯ ಮುಗಿಯಿತೆಂದು ತಿಳಿದು ಸಭೆ ಚಪ್ಪಾಳೆ ತಟ್ಟಿತು.

ಠಾಣೆಯ ಆಸ್ಪತ್ರೆಗೆ ಮುಟ್ಟುವಾಗ ಅವರ ತುಟಿ ನೀಲಿಯಾಗಿತ್ತು, ಉಸಿರು ಅಪರೂಪಕ್ಕೊಮ್ಮೆ ಬರುತ್ತಿತ್ತು. ಕರ್ತವ್ಯದಲ್ಲಿದ್ದ ಮರಾಠಿ ವೈದ್ಯೆ ಅವರ ಕಣ್ಣಿಗೆ ಬೆಳಕು ಬಿಟ್ಟು ನೋಡಿ, "ಯೇ ಕ್ಯಾ ಲೇತೇ ಹೈ?" ಎಂದು, ಇವರು ಏನು ತೆಗೆದುಕೊಳ್ಳುತ್ತಾರೆಂದು ಕೇಳಿದರು.

ಅಧ್ಯಕ್ಷರು ಮುಂದೆ ಬಂದರು. "ಕುಛ್ ನಹೀ ಡಾಕ್ಟರ್. ಪ್ಯೂರ್ ವೆಜಿಟೇರಿಯನ್ ಆದ್ಮಿ ಹೈ."

"ಮೈನೇ ಖಾನಾ ನಹೀ ಪೂಛಾ", ನಾನು ಕೇಳಿದ್ದು ಊಟವನ್ನಲ್ಲ, ಎಂದರು ಆಕೆ.

ಅತ್ತೆ ಅಧ್ಯಕ್ಷರನ್ನು ಸರಿಸಿ, ಸಿರಪ್ಪಿನ ಹೆಸರು ಹೇಳಿದರು. ಬಳಿಕ ವೈದ್ಯೆಯೇ ನಮಗೆ ವಿವರಿಸಿದರು: ಕೆಲವು ದಿನ ಬಿಟ್ಟಿದ್ದರಿಂದ ದೇಹ ಆ ಅಳತೆಯನ್ನು ತಾಳುವ ಶಕ್ತಿ ಕಳೆದುಕೊಂಡಿತ್ತು, ಹಳೆಯ ಅಳತೆಯೇ ಕೊಲ್ಲುವ ಅಳತೆಯಾಗಿತ್ತು. ಇದು ಕಾಯಿಲೆ, ಇದಕ್ಕೆ ಚಿಕಿತ್ಸೆಯಿದೆ, ಆದರೆ ಆ ಚಿಕಿತ್ಸೆ ಪಥ್ಯವಲ್ಲ. ಎಚ್ಚರವಾದ ರಾಯರು ಚಿಕಿತ್ಸೆಗೆ ತಾವೇ ಸಹಿ ಹಾಕಿದರು. ನೋಡಲು ಹೋದ ನನ್ನನ್ನು ಹತ್ತಿರ ಕರೆದು ಕೇಳಿದರು:

"ಇದಕ್ಕೆ ಕನ್ನಡದಲ್ಲಿ ಎಂತ ಹೇಳುದು?"

"ವ್ಯಸನ, ಮಾವ."

"ಬೇಡ. ಅದಕ್ಕೆ ದುಃಖ ಅಂತಲೂ ಅರ್ಥ ಉಂಟು. ಅಧ್ಯಕ್ಷರಿಗೆ ಜಾರಿಕೊಳ್ಳಲಿಕ್ಕೆ ಸುಲಭ ಆಗ್ತದೆ." ಬಹಳ ಹೊತ್ತು ಯೋಚಿಸಿದರು. ವಿಶೇಷಣಗಳ ಆ ಸಾಹುಕಾರ ಕೊನೆಗೆ ಆರಿಸಿಕೊಂಡದ್ದು ಬರಿಯ ಎರಡು ಪದ: "ಅಫೀಮಿನ ಚಟ. ಇದು ಹೇಳಿದ್ರೆ ಯಾರಿಗೂ ಚಪ್ಪಾಳೆ ಹೊಡೀಲಿಕ್ಕೆ ಆಗುದಿಲ್ಲ."

ಗುಣವಾಗುವುದು ಸಿನಿಮಾದಂತೆ ಆಗಲಿಲ್ಲ. ಒಮ್ಮೆ ಜಾರಿದರು, ತಾವೇ ರಿಕ್ಷಾ ಹಿಡಿದು ಆಸ್ಪತ್ರೆಗೆ ಹೋಗಿ ಹೇಳಿಕೊಂಡರು. ಸ್ಟೇಷನ್ನಿಗೂ ಮನೆಗೂ ನಡುವೆ ಆ ಅಂಗಡಿ ಇರುವವರೆಗೆ ತಮ್ಮ ಎರಡು ಬೆರಳಿನ ಮೇಲೆ ತಮಗೆ ನಂಬಿಕೆಯಿಲ್ಲವೆಂದು ಡೊಂಬಿವಲಿಯನ್ನೇ ಬಿಟ್ಟು ಖಾರಘರದಲ್ಲಿ ಬಾಡಿಗೆಗೆ ಹೋದರು. ವೈದ್ಯರು ಕೊಟ್ಟ ಗುಳಿಗೆಯನ್ನು ತಪ್ಪದೆ ನುಂಗಿದರು. ಮೈ ತುಂಬಿಕೊಂಡಿತು. ಜೇನು ಹೋಗಿ ಧ್ವನಿ ಒರಟಾಯಿತು. ಗುಡ್ಡದ ಕಡೆಯ ಕಿಟಕಿಯಲ್ಲಿ ಕುಳಿತು ಎದೆತುಂಬ ಕೆಮ್ಮುತ್ತಿದ್ದರು. "ಹಳೇ ನೆಂಟ ವಾಪಸು ಬಂದಿದ್ದಾನೆ ಮಾರಾಯ್ತಿ. ಇರ್ಲಿ, ಇವನು ಕದಿಯುವವ ಅಲ್ಲ." ಅತ್ತೆ ಒಳಗಿನಿಂದ, "ನೆಂಟನಿಗೆ ಶುಂಠಿ ಕಷಾಯ ಉಂಟು, ಎದ್ದು ಬನ್ನಿ" ಎನ್ನುತ್ತಿದ್ದರು. ಅವರಿಬ್ಬರ ಮನೆಯಲ್ಲಿ ಮಾತು ಕೇಳಿಸಿದ್ದು ನನಗೆ ಅದೇ ಮೊದಲು.

ಆಗಲೇ ಅವರು ಸಂಘವನ್ನು ಕೇಳಿದ್ದು. "ರಾಜ್ಯೋತ್ಸವದಲ್ಲಿ ಸ್ವಲ್ಪ ಹೊತ್ತು ಮೈಕು ಕೊಡಿ. ನನಗೆ ಏನಾಗಿತ್ತು, ಹೇಗಾಯಿತು ಎಂದು ಹೇಳುತ್ತೇನೆ." ನಾನು ಜೊತೆಯಲ್ಲಿದ್ದೆ.

"ರಾಯರೇ, ಅಲ್ಲಿ ಮಕ್ಕಳು ಮರಿಗಳು ಬರ್ತಾರೆ" ಎಂದರು ಅಧ್ಯಕ್ಷರು.

"ಅದಕ್ಕೇ ಕೇಳ್ತಾ ಇರುದು. ಅಂಗಡಿಗೂ ಅವರೇ ಹೋಗುದಲ್ವಾ?"

"ನಿಮ್ಮನ್ನು ನಾವು ಎಷ್ಟು ಗೌರವದಲ್ಲಿ ಇಟ್ಟಿದ್ದೆವು. ಯಾಕೆ ನೀವಾಗಿ ಹಾಳು ಮಾಡಿಕೊಳ್ತೀರಿ?"

ಗೌರವದ ವಿಷಯದಲ್ಲಿ ಅವರು ಸುಳ್ಳು ಹೇಳಲಿಲ್ಲ. ಅಮಲಿನಲ್ಲಿ ತೇಲುತ್ತಿದ್ದ ರಾಯರಿಗೆ ಶಾಲು, ಹಾರ, ಮೊದಲ ಪಂಕ್ತಿಯ ಊಟ ಎಲ್ಲ ಇತ್ತು. ಅಮಲನ್ನು ಬಿಟ್ಟು ನೆಟ್ಟಗೆ ನಿಂತ ರಾಯರಿಗೆ ಆಮಂತ್ರಣ ಪತ್ರಿಕೆಯೂ ಹೋಗಲಿಲ್ಲ. ಅವರು ಪ್ರತಿ ವರ್ಷ ಕೇಳಿದರು. ಪ್ರತಿ ವರ್ಷ ಕಾರ್ಯಕ್ರಮ 'ಬಿಗಿ'ಯಾಗಿತ್ತು. ಚೀಟಿಯಿಲ್ಲದೆ ಬಾಟಲಿ ಮಾರಿದವರು ಈಗಲೂ ರತ್ನವೇ. ಆಸ್ಪತ್ರೆಯ ದಾರಿಯಿಂದ ತಿರುಗಿಸಿ ಕಲ್ಯಾಣಕ್ಕೆ ಕಾರು ಓಡಿಸಿದವರು ಈಗಲೂ ಅಧ್ಯಕ್ಷರೇ. ತಟ್ಟೆಯಲ್ಲಿ ಬಾಟಲಿ ಜೋಡಿಸಿದ ಸಮಿತಿಗೆ, ಅದರಲ್ಲಿ ನನ್ನ ತಂದೆಯೂ ಇದ್ದಾರೆ, ಯಾರೂ ಒಂದು ಪ್ರಶ್ನೆ ಕೇಳಿಲ್ಲ. ಆದ್ದರಿಂದ ನಾನು ಕೇಳುತ್ತಿದ್ದೇನೆ. ಉತ್ತರವನ್ನು ಮುಂದಿನ ಮಹಾಸಭೆಯಲ್ಲಿ, ನಿಂತುಕೊಂಡು, ಮೈಕಿನಲ್ಲಿ ಕೊಡಿ. ಶ್ರದ್ಧಾಂಜಲಿ ಉತ್ತರವಲ್ಲ.

ರಾಯರು ಖಾರಘರದಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಸಂಘಕ್ಕೆ ಕೂಡಲೇ ಅವರ ಮೇಲೆ ಪ್ರೀತಿ ಉಕ್ಕಿತು. ಡೊಂಬಿವಲಿಯಲ್ಲಿ ಸಂತಾಪಸಭೆ ಏರ್ಪಟ್ಟಿತು. ಹೊಸ ನಿರೂಪಕ ಯುವಕ ಬರೆದುಕೊಟ್ಟದ್ದನ್ನು ಓದಿದ: "ದೀರ್ಘಕಾಲ ಸಂಘದ ಧ್ವನಿಯಾಗಿದ್ದ ರಾಯರು ಕೊನೆಯ ವರ್ಷಗಳಲ್ಲಿ ಅನಾರೋಗ್ಯದ ಕಾರಣ ನಮ್ಮಿಂದ ದೂರವಾಗಿದ್ದರು." ಭಾವಚಿತ್ರ ಸ್ವೀಕರಿಸಲು ಅತ್ತೆಯನ್ನು ವೇದಿಕೆಗೆ ಕರೆದರು. ಅತ್ತೆ ಚಿತ್ರವನ್ನು ತೆಗೆದುಕೊಳ್ಳದೆ ನೇರವಾಗಿ ಮೈಕಿನ ಹತ್ತಿರ ಹೋದರು.

"ನಂಗೆ ಭಾಷಣ ಬರುದಿಲ್ಲ. ಈ ಹುಡುಗ ಓದಿದ್ದು ತಪ್ಪು, ಅವನದ್ದಲ್ಲ ತಪ್ಪು. ಕಡೇ ವರ್ಷಗಳಲ್ಲಿ ಅವರಿಗೆ ಕಾಯಿಲೆ ಇರ್ಲಿಲ್ಲ. ಕಾಯಿಲೆ ಇದ್ದದ್ದು ಇಲ್ಲಿ, ನಿಮ್ಮೊಟ್ಟಿಗೆ ಇರುವಾಗ. ಅಫೀಮಿನ ಚಟ. ಕೆಮ್ಮಿನ ಸಿರಪ್ಪಿಂದು. ಕೊಟ್ಟವರು ಮೇಲೆ ಕೂತಿದ್ದಾರೆ."

ಅಧ್ಯಕ್ಷರು ಮೈಕಿನವನ ಕಡೆ ಕೈಸನ್ನೆ ಮಾಡಿದರು. ಮೈಕು ನಿಂತಿತು. ಅತ್ತೆಗೆ ಅದು ಗೊತ್ತಾಗಲಿಲ್ಲವೋ, ಗೊತ್ತಾಗಿಯೂ ಬೇಕಾಗಿರಲಿಲ್ಲವೋ, ಠಾಣೆಯ ಆಸ್ಪತ್ರೆಯ ಬಗ್ಗೆ, ಗುಳಿಗೆಯ ಬಗ್ಗೆ, ಜಾರಿ ಮತ್ತೆ ಎದ್ದದ್ದರ ಬಗ್ಗೆ ಅದೇ ಧ್ವನಿಯಲ್ಲಿ ಹೇಳುತ್ತಲೇ ಹೋದರು. ಹಿಂದಿನ ಸಾಲಿನವರು ಕೇಳಿಸಿಕೊಳ್ಳಲು ಎದ್ದು ಮುಂದೆ ಬಂದರು.

ಸಭೆ ಮುಗಿಯಿತೆಂದು ಯಾರೂ ಘೋಷಿಸಲಿಲ್ಲ. ಹೊರಗೆ ಚಪ್ಪಲಿ ಹುಡುಕುತ್ತಿದ್ದಾಗ ಮೊದಲ ಸಾಲಿನಲ್ಲಿ ಕುಳಿತಿದ್ದ ಒಬ್ಬ ಹೆಂಗಸು ಅತ್ತೆಯ ಪಕ್ಕಕ್ಕೆ ಬಂದು ನಿಂತರು. ಯಾರ ಮನೆಯವರೆಂದು ಬರೆಯುವುದಿಲ್ಲ. ಮೊದಲ ಸಾಲು ಪದಾಧಿಕಾರಿಗಳ ಮನೆಯವರಿಗೆ ಮೀಸಲೆಂದು ಸಂಘಕ್ಕೆ ತಿಳಿದಿದೆ.

"ಅಕ್ಕ, ಆ ಠಾಣೆಯ ಆಸ್ಪತ್ರೆಗೆ ಸ್ಟೇಷನ್ನಿಂದ ಹೇಗೆ ಹೋಗುದು?" ಎಂದು ಮೆಲ್ಲಗೆ ಕೇಳಿದರು. "ನನ್ನ ಮಗನಿಗೆ."

ಅತ್ತೆ ಅವರ ಕೈ ಹಿಡಿದುಕೊಂಡರು. "ನಾನೇ ಬರ್ತೇನೆ. ಅವನಿಗೆ ಬೈಬೇಡಿ, ಹೊರಡಿಸಿ ಅಷ್ಟೇ."